ಲಘು

ಮೊದಲ ಏಟಿನ ಬಗ್ಗೆ ನನಗೆ ತಕರಾರಿಲ್ಲ.
ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ
ಸ್ಟೇಷನ್ ರೈಟರ್‌ಗೆ ತಿಕ್ಕಲು ಅಂದುಕೊಳ್ಳಬೇಡಿ.

ಮಂಡ್ಯ, ಬಸ್ ನಿಲ್ದಾಣದ ಹಿಂದೆ, ಕಬ್ಬಿನಹಾಲಿನ ಅಂಗಡಿ.
ಸಂಜೆ ಆರೂ ಹತ್ತು. ದಾಸೇಗೌಡನ ಕೈಯಲ್ಲಿ
ಸಿಪ್ಪೆ ಹೆರೆಯುವ ಮಚ್ಚು.
ಎದುರಿಗೆ ಅವನ ಷಡ್ಡಕ, ಷಡ್ಡಕನ ಬೆನ್ನಿಗೆ ಗಾಣದ ಗಾಲಿ,
ಓಡಲು ಜಾಗವಿಲ್ಲ.
"ಬುಡ್ಲಾ ಮಚ್ಚ" ಅಂತ ನಿಂಗರಾಜು ಮೂರು ಸಲ ಕೂಗಿದ್ದಾನೆ,
ಕಡಲೇಕಾಯಿ ಮಾರುವ ಸಣ್ಣತಾಯಮ್ಮ ಸಾಕ್ಷಿ.
ನಾಲ್ಕನೇ ಸಲ ಕೂಗಿದ್ದು ಲಾಠಿ.
ಮಣಿಕಟ್ಟಿಗೆ.
ಮಚ್ಚು ಸಿಪ್ಪೆಯ ರಾಶಿಗೆ ಬಿತ್ತು, ಒಂದು ತಲೆ ಉಳಿಯಿತು.
ಕಾನೂನು ಕೇಳುವುದೂ ಅಷ್ಟೇ, ನಮ್ಮವ್ವ ಕೇಳುವುದೂ ಅಷ್ಟೇ.

ಆಮೇಲೆ ದಾಸೇಗೌಡ ಕೂತ. ತಾನಾಗಿಯೇ ಕೂತ,
ಮುರಿದ ಕೈಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು.

ಆಮೇಲೆ ಇನ್ನೆರಡು.

"ಲಘು ಲಾಠಿ ಪ್ರಹಾರ ಅಂತ ಬರ್ಕೊಳ್ರಿ, ಮುಗೀತು"
ಅಂದು ಸಾಹೇಬರು ಜೀಪು ಹತ್ತಿದರು.
ಇಪ್ಪತ್ತಾರು ವರ್ಷದಿಂದ ಬರೆದಿದ್ದೇನೆ ಆ ಮೂರು ಪದ,
ತಲೆಗಲ್ಲ, ಕೈಗೇ ಬಾಯಿಪಾಠ.
ಇವತ್ತು ಯಾಕೋ ಪೆನ್ನು ಕೆಳಗಿಟ್ಟು ಪೆನ್ಸಿಲ್ ಹುಡುಕಿದೆ.

ಹೈಸ್ಕೂಲಲ್ಲಿ ಕೆಂಪಾಚಾರ್ ಮೇಷ್ಟ್ರು ಪ್ರಸ್ತಾರ ಹಾಕಿಸುತ್ತಿದ್ದರು.
ಲಘುವಿಗೆ ಬಟ್ಟಲು. ಗುರುವಿಗೆ ಅಡ್ಡಗೆರೆ,
ಮಲಗಿಸಿಟ್ಟ ಲಾಠಿಯ ಹಾಗೆ.
ಡೈರಿಯ ಅಂಚಿನಲ್ಲಿ ಹಾಕುತ್ತಾ ಹೋದೆ:
ಲ, ಘು. ಬಟ್ಟಲು, ಬಟ್ಟಲು. ಎರಡು ಸೇರಿದರೆ
ಒಂದು ಗುರುವಿನ ತೂಕ. ಆ ಪದವೇ ಅಷ್ಟೇನೂ ಹಗುರವಲ್ಲ.
ಲಾ, ಅಡ್ಡಗೆರೆ.
ಠಿ, ಒಂಟಿಯಾಗಿದ್ದರೆ ಬಟ್ಟಲೇ.
ಆದರೆ ಮುಂದೆ ಪ್ರ ಬಂತಲ್ಲ, ಒತ್ತಕ್ಷರ.
ಬೆಂಚಿನ ಮೇಲೆ ನಿಲ್ಲಿಸಿ ಹೇಳಿಸಿದ್ದರು:
ಹಿಂದಿನ ಅಕ್ಷರ ತನ್ನ ತಪ್ಪಿಲ್ಲದೆ ಭಾರವಾಗುತ್ತದೆ,
ಮುಂದೆ ಬಂದದ್ದರಿಂದ.

ವಿನಾಯಿತಿಯೂ ಉಂಟು. ಶಿಥಿಲದ್ವಿತ್ವ.
ಒತ್ತಿದ್ದರೂ ತೇಲಿಸಿ ಉಚ್ಚರಿಸಿದರೆ ಲಘುವೆಂದೇ ಲೆಕ್ಕ,
ಹಳೆಯ ಕವಿಗಳಿಗಿದ್ದ ಸಲಿಗೆ.
ಸಾಹೇಬರು ಕೇಳುತ್ತಿರುವುದೂ ಅದೇ. ತೇಲಿಸಿ.

ನಾನು ತೇಲಿಹೋದವನಲ್ಲವೇ?
ಶ್ರೀರಂಗಪಟ್ಟಣ, ಹೊಸ ಕೆಲಸ, ಸ್ನಾನಘಟ್ಟದ ನೂಕುನುಗ್ಗಲು,
ಒಬ್ಬ ಹುಡುಗನ ಬೆನ್ನಿಗೆ ಬಾರಿಸಿದ್ದೆ.
ಅವನು ಓಡುತ್ತಿದ್ದ. ನನ್ನಿಂದ ದೂರಕ್ಕೆ.
ಓಡುವ ಬೆನ್ನಿನಿಂದ ಯಾರಿಗೇನು ಅಪಾಯ
ಎಂದು ಯಾರೂ ಕೇಳಲಿಲ್ಲ.
ಆಗಿನ ರೈಟರ್ ಅಕ್ಷರ ದುಂಡಗೆ, ಮುದ್ದಾಗಿತ್ತು.

ಹನ್ನೊಂದಕ್ಕೆ ನಿಂಗರಾಜು ಬಂದು ಬಾಗಿಲಿಗೆ ಒರಗಿದ.
"ಮೊದಲ್ನೇದು ನಾನು ಹೊಡ್ದೆ ಸಾ.
ಮಿಕ್ಕಿದ್ದು ಕೈಯೇ ಹೊಡೀತು."
"ಕೈಗೆ ಪೀಸಿ ನಂಬರ್ ಎಷ್ಟಯ್ಯಾ?" ಅಂದೆ. "ಬರೀಬೇಕಲ್ಲ."
ನಗಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡ,
ಕಬ್ಬಿನಹಾಲು ಒಣಗಿ ಅಂಟಂಟು.
ಆ ಷಡ್ಡಕ ಈ ಹೊತ್ತು ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದರೆ
ಅದೂ ಈ ಕೈಯಿಂದಲೇ.
ಒಂದನ್ನು ಹೊಡೆದುಹಾಕಿ ಇನ್ನೊಂದನ್ನು ಉಳಿಸಿಕೊಳ್ಳುವ ಲೆಕ್ಕ
ನನಗೆ ಗೊತ್ತಿಲ್ಲ.

ಬರೆದೆ:
"ಮಣಿಕಟ್ಟಿಗೆ ಒಂದು ಏಟು. ಮಚ್ಚು ಕೆಳಗೆ ಬಿದ್ದಿರುತ್ತದೆ.
ಸದರಿ ಆಸಾಮಿಯು ಕುಳಿತುಕೊಂಡಿರುತ್ತಾನೆ.
ತದನಂತರ ಎರಡು ಏಟು."

ತದನಂತರದ ನಟ್ಟನಡುವೆ ಒಂದು ಗುರು ಇದೆ.
ಅದನ್ನು ಬರೆದ ಮೇಲೆ ಕಂಡೆ.

ಬೆಳಿಗ್ಗೆ ಸಾಹೇಬರು ಕೂಗಾಡುತ್ತಾರೆ. ಹಾಳೆ ಹರಿಯಲಾರರು,
ಪುಟಕ್ಕೆ ನಂಬರಿದೆ.
ಅಂಚಿನ ಪೆನ್ಸಿಲ್ ಗುರುತು ಮಾತ್ರ ರಬ್ಬರಿನಲ್ಲಿ ಉಜ್ಜಿದೆ.
ಬಟ್ಟಲುಗಳು ಹೋದವು.
ಅಡ್ಡಗೆರೆ, ಒತ್ತಿ ಎಳೆದಿದ್ದೆನೇನೋ,
ಮಗುಚಿದರೆ ಹಿಂದಿನ ಪುಟದಲ್ಲೂ
ಬೆರಳಿಗೆ ಸಿಗುತ್ತದೆ.